ಅಗೆದ ನೆಲದ ಋಣ

ಕಾಮಗಾರಿ ಮುಗಿದು ಯಂತ್ರಗಳು ಹಿಂದಿರುಗಿದ ಮೇಲೆ ಕಾಡಂಚಿನಲ್ಲಿ ಕಟ್ಟದೆ ಬಿಟ್ಟ ಬಫರ್ ಪಟ್ಟಿಯಲ್ಲಿ ಮೊದಲು ತಲೆಯೆತ್ತುವುದು ಕಳೆ. ಅದನ್ನು ಕೀಳುವುದು ಗುತ್ತಿಗೆಯ ಕಾಗದದಲ್ಲಿ ಒಂದು ಸಾಲಿನ ಕೆಲಸ. ಆದರೆ ಹುಲ್ಲುಕಡ್ಡಿಯ ಜೀವದ ಬಗ್ಗೆಯೂ ಎರಡೂವರೆ ಸಾವಿರ ವರ್ಷ ವಾದ ಮಾಡಿದ ದೇಶದಲ್ಲಿ ಅದು ಧರ್ಮದ ಪ್ರಶ್ನೆಯೂ ಹೌದು. ಬೇರೂರಿ ಬದುಕುತ್ತಿರುವ ಒಂದು ಗಿಡವನ್ನು ಇನ್ನೊಂದು ಗಿಡ ಬದುಕಲೆಂದು ಕಿತ್ತುಹಾಕುವ ಅಧಿಕಾರ ಯಾರಿಗಿದೆ, ಎಲ್ಲಿಯವರೆಗೆ ಇದೆ?

ಈ ಪ್ರಶ್ನೆ ಮುಂಬಯಿಯಲ್ಲಿ ಎದುರಾಗುವಷ್ಟು ನೇರವಾಗಿ ಬೇರೆ ಊರುಗಳಲ್ಲಿ ಎದುರಾಗುವುದು ಕಡಿಮೆ. ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 103 ಚದರ ಕಿ.ಮೀ. ಹರಡಿಕೊಂಡಿದೆ, ಅದರ ಬೇಲಿಗೆ ಆತುಕೊಂಡೇ ಬಹುಮಹಡಿ ಕಟ್ಟಡಗಳಿವೆ. 2016ರ ಡಿಸೆಂಬರಿನಲ್ಲಿ ಉದ್ಯಾನದ ಸುತ್ತ ಪರಿಸರ ಸೂಕ್ಷ್ಮ ವಲಯ ಗೊತ್ತುಮಾಡಿದಾಗ ಕೆಲವೆಡೆ ಅದಕ್ಕೆ ದಕ್ಕಿದ ಅಗಲ ಬರೀ 100 ಮೀಟರ್, ಕೆಲವೆಡೆ 4 ಕಿ.ಮೀ. ಖಾರಿಯ ಕಡೆಗೆ ಬಂದರೆ, ಕಾಂಡ್ಲಾ ಕಾಡಿನ ಸುತ್ತ 50 ಮೀಟರ್ ಜಾಗವನ್ನು ಕಟ್ಟದೆ ಬಿಡಬೇಕೆಂದು ಬಾಂಬೆ ಹೈಕೋರ್ಟ್ 2018ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಆರೆ ಕಾಲನಿಯ ಕಥೆ ಎಲ್ಲರಿಗೂ ಗೊತ್ತು. 2019ರ ಅಕ್ಟೋಬರ್ ಮೊದಲ ವಾರ ಮೆಟ್ರೊ ಕಾರ್‌ಶೆಡ್‌ಗಾಗಿ ರಾತ್ರೋರಾತ್ರಿ ಮರಗಳು ಉರುಳತೊಡಗಿ, ಸುಪ್ರೀಂ ಕೋರ್ಟ್ ತಡೆ ಕೊಡುವಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರ ನೆಲಕ್ಕೆ ಬಿದ್ದಿದ್ದವು. ಮರಕ್ಕಾಗಿ ಊರು ಬೀದಿಗಿಳಿಯಿತು. ಮರ ಹೋದ ಜಾಗದ ಅಂಚಿನಲ್ಲಿ ಆಮೇಲೆ ಏನು ಬೆಳೆಯುತ್ತದೆ ಎಂದು ಕೇಳುವವರು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ.

ಬೆಳೆಯುವುದೇನೆಂದು ಮೊದಲೇ ಹೇಳಬಹುದು. ಜೆಸಿಬಿ ಮೇಲ್ಮಣ್ಣನ್ನು ಕೆರೆದಾಗ ಕಾಡಿನ ಬೀಜದ ದಾಸ್ತಾನು ಅದರ ಜೊತೆಗೇ ಹೋಗುತ್ತದೆ. ಲಾರಿಗಳ ಚಕ್ರದಡಿ ನೆಲ ಗಟ್ಟಿಯಾಗುತ್ತದೆ, ಮರದ ನೆರಳಿದ್ದಲ್ಲಿ ಬಿಸಿಲು ಸುರಿಯುತ್ತದೆ, ಸುಣ್ಣ ಸಿಮೆಂಟಿನ ಚೂರು ಮಣ್ಣಿನಲ್ಲಿ ಬೆರೆಯುತ್ತದೆ. ಇಂಥ ನೆಲ ಬಯಸುವ ಗಿಡಗಳು ಕೆಲವೇ: ಮರಾಠಿಯವರು ಘಾಣೇರಿ ಎನ್ನುವ ಲಂಟಾನ, ರಾನಮೋಡಿ ಎನ್ನುವ ಕಮ್ಯುನಿಸ್ಟ್ ಗಿಡ, ಸುಬಾಬುಲ್, ಮತ್ತು 1955ರಲ್ಲಿ ಪುಣೆಯ ಕಸದ ಗುಡ್ಡೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಪಾರ್ಥೇನಿಯಂ. ಖಾರಿಯ ದಂಡೆಯಲ್ಲಿ ಸ್ಥಿತಿ ಇನ್ನೂ ಸ್ಪಷ್ಟ. ಕಟ್ಟಡದ ಡೆಬ್ರಿ ಸುರಿದು ದಂಡೆ ಎತ್ತರವಾದರೆ ಭರತದ ನೀರು ಒಳಗೆ ಬರುವುದಿಲ್ಲ. ನೀರು ಬಾರದ ಕಡೆ ಕಾಂಡ್ಲಾ ಒಣಗಿ ಹರಳು, ಸುಬಾಬುಲ್ ಏಳುತ್ತವೆ. ಅಲ್ಲಿ ಡೆಬ್ರಿ ತೆಗೆಯದೆ ಕಳೆ ಕೀಳುವುದು ವ್ಯರ್ಥ.

ಅಥರ್ವವೇದದ ಭೂಮಿಸೂಕ್ತದಲ್ಲಿ, ತಾನು ಅಗೆದ ಜಾಗ ಬೇಗ ಮತ್ತೆ ಬೆಳೆದು ತುಂಬಿಕೊಳ್ಳಲಿ, ನೆಲದ ಮರ್ಮಕ್ಕೆ ಪೆಟ್ಟಾಗದಿರಲಿ ಎಂಬ ಆಶಯವಿದೆ. ಭೂಮಿಪೂಜೆಯ ಹಿಂದಿರುವ ಭಾವವೂ ಇದೇ: ಅಗೆಯುವ ಮೊದಲು ಕ್ಷಮೆ ಕೇಳುವುದು. ಆ ಪ್ರಾರ್ಥನೆಯನ್ನು ಇಂದು ಅಕ್ಷರಶಃ ಈಡೇರಿಸುತ್ತಿರುವುದು ಲಂಟಾನ. ಅಗೆದ ಜಾಗವನ್ನು ಅದರಷ್ಟು ಬೇಗ ತುಂಬುವ ಗಿಡಗಳು ಕಡಿಮೆ. ಹಾಗಾದರೆ ನೆಲ ತಾನಾಗಿ ಹಾಕಿಕೊಂಡ ಹೊದಿಕೆಯನ್ನು ಕಿತ್ತು ತೆಗೆಯುವುದು ಯಾವ ನ್ಯಾಯ ಎಂದು ಕೇಳಬಹುದು. ಈ ಆಕ್ಷೇಪ ಹಗುರವಾದುದಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಭೃಗು ಭರದ್ವಾಜನಿಗೆ ಗಿಡಮರಗಳು ಕಾಣುತ್ತವೆ, ಕೇಳುತ್ತವೆ, ಸುಖದುಃಖ ಅನುಭವಿಸುತ್ತವೆ ಎಂದು ಒಂದೊಂದಾಗಿ ಕಾರಣ ಕೊಟ್ಟು ವಾದಿಸುತ್ತಾನೆ. ಆ ವಾದದಲ್ಲಿ ಶ್ರೀಗಂಧಕ್ಕೆ ಒಂದು ನೋವು, ಪಾರ್ಥೇನಿಯಂಗೆ ಇನ್ನೊಂದು ನೋವು ಎಂಬ ಭೇದಕ್ಕೆ ಜಾಗವಿಲ್ಲ.

ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಬದುಕಿ ನೋಡಿದವರು ಬೋರಿವಲಿಯ ಅದೇ ಕಾಡಿನೊಳಗಿದ್ದರು. ಉದ್ಯಾನದ ನಡುವಿನ ಕಾನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳು, ಮಲಗುವ ಕಲ್ಲುಮಂಚಗಳು ಈಗಲೂ ಉಳಿದಿವೆ. ಬೌದ್ಧ ಸಂಘದ ನಿಯಮಾವಳಿಯಾದ ವಿನಯದ ಪ್ರಕಾರ ಭಿಕ್ಷು ಬೆಳೆಯುತ್ತಿರುವ ಗಿಡಕ್ಕೆ ಹಾನಿ ಮಾಡುವುದು, ನೆಲ ಅಗೆಯುವುದು ಎರಡೂ ಪ್ರಾಯಶ್ಚಿತ್ತಕ್ಕೆ ಒಳಗಾಗುವ ತಪ್ಪು. ಹಾಗೆಂದು ಮಳೆಗಾಲದಲ್ಲಿ ಮೆಟ್ಟಿಲ ಸಂದಿಯ ಹುಲ್ಲು ಬೆಳೆಯದೆ ಬಿಡುತ್ತದೆಯೇ? ಅದಕ್ಕೊಂದು ದಾರಿಯನ್ನೂ ನಿಯಮವೇ ತೋರಿಸುತ್ತದೆ. ‘ಕೀಳು’ ಎಂದು ಅಪ್ಪಣೆ ಮಾಡುವಂತಿಲ್ಲ. ‘ಇದನ್ನು ಗಮನಿಸು’ ಎಂದು ಗೃಹಸ್ಥನಿಗೆ ಸೂಚಿಸಬಹುದು. ಹೊರಗಿನಿಂದ ನೋಡಿದವರಿಗೆ ಇದು ಜಾಣತನದಂತೆ ಕಾಣಬಹುದು. ಆದರೆ ಒಂದು ಕೆಲಸಕ್ಕೂ ಅದನ್ನು ಮಾಡುವವನಿಗೂ ನಡುವೆ ಒಂದು ಕ್ಷಣದ ತಡೆ ಇರಬೇಕೆಂಬ ಎಚ್ಚರ ಅದರಲ್ಲಿದೆ.

ಜೈನರು ಆ ಕಿಂಡಿಯನ್ನೂ ಮುಚ್ಚಿದರು. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು, ಅಂದರೆ ಕೃತ, ಕಾರಿತ, ಅನುಮೋದನ, ಮೂರೂ ಕರ್ಮದ ಲೆಕ್ಕಕ್ಕೆ ಬರುತ್ತವೆ. ಮಲಬಾರ್ ಹಿಲ್‌ನಲ್ಲಿ ಕುಳಿತು ಬೋರಿವಲಿಯ ಬೇಲಿಗೆ ಕಳೆನಾಶಕ ಸಿಂಪಡಿಸಲು ಹೇಳಿದವನ ಕೈ ಈ ಲೆಕ್ಕದಲ್ಲಿ ಒಣಗಿರುವುದಿಲ್ಲ. ಇನ್ನೊಂದು ಕಡೆ ಜೈನಧರ್ಮ ಗೃಹಸ್ಥನಿಗೆ ಅಸಾಧ್ಯವಾದುದನ್ನು ವಿಧಿಸಲಿಲ್ಲ. ಗಿಡ ಏಕೇಂದ್ರಿಯ, ಸ್ಥಾವರ ಜೀವ. ಯತಿಗೆ ಅದರ ಹಿಂಸೆಯೂ ಪೂರ್ತಿ ನಿಷಿದ್ಧ. ಗೃಹಸ್ಥ ಅದನ್ನು ಮಿತಿಯಲ್ಲಿಟ್ಟರೆ ಸಾಕು. ಆ ಮಿತಿಗೆ ಅನರ್ಥದಂಡವ್ರತ ಎಂಬ ಅಳತೆಗೋಲಿದೆ: ಪ್ರಯೋಜನವಿಲ್ಲದೆ ನೆಲ ಅಗೆಯುವುದು, ಗಿಡ ಕಡಿಯುವುದು, ನೀರು ಚೆಲ್ಲುವುದು ತಪ್ಪು. ಬಫರ್ ಪಟ್ಟಿಯ ಮಟ್ಟಿಗೆ ಇದಕ್ಕಿಂತ ಉಪಯುಕ್ತ ಸೂತ್ರ ಬೇರೆ ಸಿಗುವುದು ಕಷ್ಟ. ಮೂಲದ ಕಾಡು ಮರಳಲೆಂದು ಲಂಟಾನ ತೆಗೆಯುವುದು ಒಂದು. ಸುಶೋಭೀಕರಣದ ಹೆಸರಿನಲ್ಲಿ ಎಲ್ಲ ಹಸಿರನ್ನೂ ಬೋಳಿಸಿ ಹುಲ್ಲುಹಾಸು ಹಾಸುವುದು ಇನ್ನೊಂದು, ಮತ್ತು ಅದು ಅನರ್ಥದಂಡವೇ.

ಬಾಹುಬಲಿಯ ಪ್ರತಿಮೆಯನ್ನು ಕಂಡ ಕನ್ನಡಿಗರಿಗೆ ಯತಿ, ಗೃಹಸ್ಥರ ಈ ಭೇದದ ಚಿತ್ರ ಪರಿಚಿತ. ಶ್ರವಣಬೆಳಗೊಳದಲ್ಲಿ ತೊಡೆ, ತೋಳುಗಳ ಮೇಲೆ ಬಳ್ಳಿ ಹಬ್ಬಿದೆ, ಕಾಲಬಳಿ ಹುತ್ತವಿದೆ. ಯೋಗಿ ಕೈ ಎತ್ತುವುದಿಲ್ಲ. ಎಲ್ಲೋರದ ಶಿಲ್ಪಗಳಲ್ಲಿ ಇಬ್ಬದಿಯ ಹೆಂಗಸರು ಆ ಬಳ್ಳಿಯನ್ನು ಬಿಡಿಸುತ್ತಿರುವಂತೆ ಕೆತ್ತಿದ್ದಾರೆ. ಜಿನಸೇನನ ಆದಿಪುರಾಣ ಅವರನ್ನು ವಿದ್ಯಾಧರಿಯರೆನ್ನುತ್ತದೆ. ಬಳ್ಳಿ ಬಿಡಿಸಿದ ಆ ಕೈಗಳನ್ನು ಪರಂಪರೆ ಹಿಂಸೆಯ ಕೈಗಳೆಂದು ಕಾಣಲಿಲ್ಲ, ಸೇವೆಯ ಕೈಗಳೆಂದು ಕಂಡಿತು. ಅವು ಬರಿಗೈಗಳು, ಬಿಡಿಸುತ್ತಿರುವುದು ಒಂದೊಂದೇ ಎಳೆಯನ್ನು.

ಸುಮ್ಮನಿರುವುದೇ ಅಹಿಂಸೆ ಎಂಬ ನಂಬಿಕೆಗೆ ಕರ್ನಾಟಕದ ಕಾಡೇ ಉತ್ತರ ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲಿ ತರಗು ಬೆಂಕಿ ಹಾಕುತ್ತಿದ್ದರು, ಒಣಗಿದೆಲೆಯಷ್ಟೇ ಸುಡುವ ತಣ್ಣನೆಯ ಬೆಂಕಿ. 1970ರ ದಶಕದಲ್ಲಿ ಅಭಯಾರಣ್ಯವಾಗಿ ಬೆಂಕಿ ನಿಷೇಧವಾದ ಮೇಲೆ ಲಂಟಾನ ಬೆಟ್ಟವನ್ನು ನುಂಗಿತು, ನೆಲ್ಲಿಯ ಸಸಿ ಏಳದಾಯಿತು ಎಂಬುದು ಅವರ ಮಾತು; ಸಂಶೋಧಕರೂ ಅದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಹೊರಗಿನಿಂದ ಬಂದ ಗಿಡ ಒಮ್ಮೆ ಒಳಹೊಕ್ಕ ಮೇಲೆ ಕೈಕಟ್ಟಿ ಕೂರುವುದೂ ಒಂದು ಕರ್ಮ, ಅದಕ್ಕೂ ಫಲವಿದೆ.

ಹೊರಗಿನಿಂದ ಬಂದದ್ದು ಎಂಬ ಮಾತಿನಲ್ಲೂ ಎಚ್ಚರ ಬೇಕು. ಮುಂಬಯಿಯಂಥ ವಲಸಿಗರ ಊರಿನಲ್ಲಿ ಅದಕ್ಕೆ ಬೇರೆ ನಾತ ಬರುತ್ತದೆ. ದಾದರಿನ ಹೂಮಾರುಕಟ್ಟೆಯಿಂದ ಎಲ್ಲ ದೇವರ ಕೊರಳಿಗೂ ಹೋಗುವ ಚೆಂಡುಹೂ ಮೆಕ್ಸಿಕೊ ಕಡೆಯದು. ಯಾವ ದೇವರೂ ಬೇಡವೆಂದಿಲ್ಲ. ಚೌತಿಯ ದಿನ ಗಣಪನಿಗೆ ಏರುವ 21 ಪತ್ರೆಗಳಲ್ಲಿ ಗರಿಕೆ, ಉತ್ತರಾಣಿ, ಎಕ್ಕ, ದತ್ತೂರ ಇವೆ, ಒಂದೊಂದೂ ತೋಟಗಾರನ ಕಣ್ಣಿಗೆ ಕಳೆಯೇ. ಪೂಜೆಗೆ ಬರುವ ಗರಿಕೆ ಲೋಕದ ಅತ್ಯಂತ ಹಟಮಾರಿ ಕಳೆಗಳ ಪಟ್ಟಿಯಲ್ಲೂ ಮುಂಚೂಣಿಯಲ್ಲಿದೆ. ಚಾಳುಗಳ ಗೋಡೆಯ ಬಿರುಕಿನಲ್ಲಿ ಮೊಳೆತ ಅರಳಿಯದು ಇದಕ್ಕೆ ವಿರುದ್ಧದ ಕಥೆ: ಗಿಡ ಇಲ್ಲಿಯದೇ, ಪವಿತ್ರವೂ ಹೌದು, ಕಟ್ಟಡವನ್ನು ಮಾತ್ರ ಸೀಳುತ್ತದೆ, ಕೀಳಲು ಜನ ಹಿಂಜರಿಯುತ್ತಾರೆ. ಹಾಗಾಗಿ ಹುಟ್ಟೂರು ನೋಡಿ ಗಿಡಕ್ಕೆ ಶಿಕ್ಷೆ ಕೊಡುವುದು ಶಾಸ್ತ್ರಕ್ಕೂ ಒಗ್ಗದು, ಸಸ್ಯವಿಜ್ಞಾನಕ್ಕೂ ಒಗ್ಗದು. ನೋಡಬೇಕಾದದ್ದು ನಡತೆ. ಇತರರು ಮೊಳೆಯಲು ಅದು ಎಡೆಕೊಡುತ್ತದೆಯೇ ಇಲ್ಲವೇ? ಲಂಟಾನದ ದಟ್ಟ ಪೊದೆ ಕೊಡುವುದಿಲ್ಲ.

ಯಾವುದು ಕಳೆ ಎಂದು ತೀರ್ಮಾನಿಸುವವರು ಯಾರು ಎಂಬುದು ಇನ್ನೂ ಕಷ್ಟದ ಮಾತು. ಆರೆಯಲ್ಲಿ, ಉದ್ಯಾನದಲ್ಲಿ ವಾರ್ಲಿ ಮತ್ತಿತರ ಆದಿವಾಸಿಗಳ ಪಾಡಾಗಳಿವೆ, ಅಂದರೆ ಹಾಡಿಗಳು. ಕಾಡಿನ ಒಡೆಯನಾದ ವಾಘೋಬಾನ ಗುಡಿಗಳಿವೆ. ಮೊದಲ ಮಳೆಗೆ ನೆಲದಿಂದ ಏಳುವ ಸೊಪ್ಪುಗಳನ್ನು ಪಾಡಾಗಳ ಹೆಂಗಸರು ಆರಿಸಿ ತಂದು ರಾನಭಾಜಿ ಎಂದು ಮಾರುತ್ತಾರೆ. ಅದರಲ್ಲಿನ ಟಾಕಳಾ, ನಮ್ಮ ತಗಚೆ; ಆಟಿ ತಿಂಗಳಲ್ಲಿ ಮುಂಬಯಿಯ ತುಳುವರು ಹುಡುಕಿ ಒಯ್ಯುವ ತಜಂಕ್. ಗುತ್ತಿಗೆದಾರನ ಕಣ್ಣಿಗೆ ಅದೇ ರಸ್ತೆಬದಿಯ ಕಳೆ. ಬಿಳಿ ಮುಸಲಿಯ ಒಂದು ಜಾತಿಗೆ ಸಸ್ಯಶಾಸ್ತ್ರದ ಹೆಸರಿನಲ್ಲಿಯೇ ಬೋರಿವಲಿ ಸೇರಿಕೊಂಡಿದೆ, ಕ್ಲೋರೊಫೈಟಂ ಬೊರಿವಿಲಿಯಾನಂ ಎಂದು. ಜೂನಿನಲ್ಲಿ ಅದು ನಾಲ್ಕಾರು ಅಗಲವಾದ ಎಲೆಗಳ ಹುಲ್ಲಿನ ಹಿಂಡಿನಂತೆ ಕಾಣುತ್ತದೆ. ಬೆಳಿಗ್ಗೆ ಬಂದ ಹೊಸ ಕೂಲಿಯಾಳು ಅದನ್ನು ಮೊದಲು ಕಿತ್ತಾನು. ಪಾಡಾದ ಅಜ್ಜಿಯೊಬ್ಬಳನ್ನು ಜೊತೆಗಿಟ್ಟುಕೊಂಡರೆ ಆ ತಪ್ಪು ಆಗದು. ಹಾಗೆ ಕೇಳಿ ಕೀಳುವ ಪದ್ಧತಿಯನ್ನು ಯಾವ ಟೆಂಡರೂ ಇನ್ನೂ ಕಲಿತಂತೆ ಕಾಣುವುದಿಲ್ಲ.

ಹಾಗಾದರೆ ಹೊಣೆ ಯಾರದು? ಇದಕ್ಕೆ ಉತ್ತರ ಒಂದೇ: ನೆಲವನ್ನು ತೆರೆದವನದು. ಕಳೆ ಬಂದದ್ದು ಗಿಡದ ದೋಷದಿಂದಲ್ಲ, ಅಗೆದವನಿಂದ. ಹಿಂಸೆಯ ಲೆಕ್ಕ ಶುರುವಾಗುವುದು ಕಿತ್ತ ದಿನದಿಂದಲ್ಲ, ಅಗೆದ ದಿನದಿಂದ. ಕಳೆ ಕೀಳುವುದು ಆ ಸಾಲದ ಕಂತು. ಬಿತ್ತಿದವನೇ ಉಣ್ಣಬೇಕು ಎಂಬ ಕರ್ಮಸಿದ್ಧಾಂತಕ್ಕೂ ಇದು ಸರಿಹೊಂದುತ್ತದೆ. ಭೂಮಿಪೂಜೆಯಲ್ಲಿ ಒಡೆದ ತೆಂಗಿನಕಾಯಿಗೆ ಸಮನಾದ ಯಾವ ಕ್ರಿಯೆಯೂ ಕಾಮಗಾರಿಯ ಕೊನೆಗಿಲ್ಲ. ಗೃಹಪ್ರವೇಶ ಕಟ್ಟಿದ್ದನ್ನು ನೋಡುತ್ತದೆ, ಕೆಡವಿದ್ದನ್ನು ನೋಡುವುದಿಲ್ಲ.

ಕಾನ್ಹೇರಿಯ ದಾನಿಗಳು ಈ ವಿಷಯದಲ್ಲಿ ಮುಂದಿದ್ದರು. ಗುಹೆ ಕೊರೆಸಿ ಕೈತೊಳೆದುಕೊಳ್ಳದೆ ಅವರು ಅಕ್ಷಯನೀವಿ ಇಡುತ್ತಿದ್ದರು, ಮೂಲಧನ ಮುಟ್ಟದೆ ಅದರ ಉತ್ಪತ್ತಿಯಿಂದ ನಿರಂತರ ಖರ್ಚು ನಡೆಯುವ ನಿಧಿ. 9ನೇ ಶತಮಾನದ ಅಲ್ಲಿನ ಶಾಸನಗಳು ರಾಷ್ಟ್ರಕೂಟ ಅಮೋಘವರ್ಷನನ್ನು, ಅಂದರೆ ಕವಿರಾಜಮಾರ್ಗದ ಕಾಲದ ನೃಪತುಂಗನನ್ನು, ಚಕ್ರವರ್ತಿಯೆಂದು ಹೆಸರಿಸುತ್ತವೆ. ಆತನ ಶಿಲಾಹಾರ ಸಾಮಂತರ ಆಡಳಿತದಲ್ಲಿ ಕೊಟ್ಟ ದತ್ತಿಯೊಂದರಲ್ಲಿ ಬುದ್ಧಪೂಜೆ, ಚೀವರ, ಪುಸ್ತಕಗಳ ಜೊತೆಗೆ ವಿಹಾರದ ದುರಸ್ತಿಗೂ ಪಾಲಿದೆ. ಇಂದಿನ ಗುತ್ತಿಗೆಗಳಲ್ಲಿ ಸಸಿ ನೆಡಲು ಹಣವಿರುತ್ತದೆ, ಕೆಲವೇ ವರ್ಷದ ಪಾಲನೆಗೂ ಇರುತ್ತದೆ. ಅದಾದ ಮೇಲೆ ಪಟ್ಟಿ ಅನಾಥ.

ಕೀಳುವ ವಿಧಾನದಲ್ಲೂ ಧರ್ಮಾಧರ್ಮವಿದೆ. ಲಂಟಾನವನ್ನು ನೆಲದ ಮೇಲೆ ಸವರಿದರೆ ಬುಡದಿಂದ ಹತ್ತು ಕವಲು ಬರುತ್ತದೆ, ಮಾಡಿದ ಹಿಂಸೆ ದಂಡ. ಮಣ್ಣಿನೊಳಗೆ ಎರಡು ಬೆರಳಗಲ ಆಳದಲ್ಲಿ, ಕಾಂಡ ಬೇರಾಗುವ ಗಂಟಿನ ಕೆಳಗೆ ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ನಿಲ್ಲಿಸಿದರೆ ಅದು ಮತ್ತೆ ಬೇರಿಳಿಸದೆ ಒಣಗುತ್ತದೆ. ಪಾರ್ಥೇನಿಯಂ ಹೂ ಬಿಡುವ ಮೊದಲು ಕಿತ್ತರೆ ಒಂದು ಜೀವ ಹೋಗುತ್ತದೆ. ಹೂ ಬಿಟ್ಟ ಮೇಲಾದರೆ ಒಂದೊಂದು ಗಿಡದ ಸಾವಿರಾರು ಬೀಜಗಳ ಹಿಂದೆ ವರ್ಷಗಟ್ಟಲೆ ಓಡಬೇಕು. ಕೈಗವಸು ಕೂಲಿಯವರಿಗೆ ಸಿಗಬೇಕಾದ ಮೊದಲ ದಯೆ, ಏಕೆಂದರೆ ಪಾರ್ಥೇನಿಯಂ ಸ್ಪರ್ಶಕ್ಕೆ ಚರ್ಮ ಕೆರಳುತ್ತದೆ. ಇಡೀ ಇಳಿಜಾರನ್ನು ಒಮ್ಮೆಗೇ ಬೋಳು ಮಾಡುವುದೂ ತರವಲ್ಲ. ಬುಲ್‌ಬುಲ್ ಹಕ್ಕಿ ಲಂಟಾನದ ಹಣ್ಣು ತಿನ್ನುತ್ತದೆ, ಅದರ ಪೊದೆಯಲ್ಲಿ ಚಿರತೆಯೂ ಮಲಗುತ್ತದೆ. ಮಳೆಗಾಲದ ಮೊದಲು ಬೋಳಾದ ಮಣ್ಣು ಖಾರಿಗೆ ಹರಿಯುತ್ತದೆ. ತುಂಡು ತುಂಡಾಗಿ ತೆಗೆದು, ತೆಗೆದಲ್ಲಿ ಕೂಡಲೇ ಊರ ಸಸಿ ಊರಿ ಮುಂದೆ ಹೋಗುವುದು ಕ್ರಮ. ನೀರಿನ ಅಂಚಿನಲ್ಲಿ ರಾಸಾಯನಿಕ ಸಿಂಪಡಣೆ ಬೇಡ. ಅಲ್ಲಿ ಸಾಯುವುದು ಕಳೆಯೊಂದೇ ಅಲ್ಲ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಪಾರ್ಥೇನಿಯಂ ಮೇಲೆ ಬಿಟ್ಟ ಮೆಕ್ಸಿಕೊದ ಜೀರುಂಡೆ ಕೈಗೆ ಕೊಳೆಯಾಗದ ಉಪಾಯದಂತೆ ತೋರಿತು. ಕಾರಿತದ ನಿಯಮದಂತೆ ಆ ಲೆಕ್ಕವೂ ಬಿಟ್ಟವನದೇ.

ಎಂದು ನಿಲ್ಲಿಸಬೇಕು ಎಂಬುದಕ್ಕೆ ಕಾಡಿನಲ್ಲೇ ಗುರುತಿದೆ. ನೆಟ್ಟ ಮರಗಳ ನೆತ್ತಿ ಒಂದಕ್ಕೊಂದು ಕೂಡಿ ನೆರಳು ಬಿದ್ದರೆ ಬಿಸಿಲಿನ ಗಿಡವಾದ ಲಂಟಾನ ಸೊರಗುತ್ತದೆ; ಅಲ್ಲಿಗೆ ಮನುಷ್ಯನ ಅಧಿಕಾರವೂ ಮುಗಿಯಿತು. ಬೋರಿವಲಿಯ ಗುಡ್ಡಗಳ ಇಳಿಜಾರಿನಲ್ಲಿ ಕಾರ್ವಿ ಎಂಬ ಪೊದೆಗಿಡ ಎಂಟು ವರ್ಷಕ್ಕೊಮ್ಮೆ ನೇರಳೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. 2016ರಲ್ಲಿ ಬಿಟ್ಟಿತು, 2024ರಲ್ಲಿ ಬಿಟ್ಟಿತು. ಅದರ ಎಳೆಯ ಸಸಿಗಳೂ ಕಳೆ ಕೊಚ್ಚುವವನ ಕತ್ತಿಗೆ ಪೊದೆಯಂತೆಯೇ ಕಾಣುತ್ತವೆ. ಕಾರ್ವಿ ಇರುವ ಇಳಿಜಾರಿನ ಬಫರ್ ಪಟ್ಟಿಯ ಪಾಲನೆ ಒಂದು ಹೂವಿನಿಂದ ಇನ್ನೊಂದು ಹೂವಿನವರೆಗೆ, ಕಡಿಮೆಯೆಂದರೆ ಎಂಟು ವರ್ಷ ನಡೆಯಬೇಕು, ಅದರ ಖರ್ಚು ಕಟ್ಟಿದವನ ಖಾತೆಯಿಂದಲೇ ಬರಬೇಕು.