ಒಂದು ಮನೆ, ಎರಡು ಒಲೆ

ವೃದ್ಧರಾದ ತಂದೆತಾಯಿಗಳನ್ನಾಗಲಿ ಅತ್ತೆಮಾವಂದಿರನ್ನಾಗಲಿ ತನ್ನಲ್ಲಿಗೆ ಕರೆತರಬೇಕೆಂದು ಗೃಹಸ್ಥನೊಬ್ಬನು ನಿಶ್ಚಯಿಸಿದೊಡನೆ ಅವನ ಧರ್ಮಚಿಂತೆಯು ಮುಗಿಯಿತೆಂದು ಜನರು ತಿಳಿಯುವುದುಂಟು. ವಾಸ್ತವವಾಗಿ ಅದು ಮೊದಲಾಗುವುದೇ ಅಲ್ಲಿಂದ. ಅವರನ್ನು ಎಲ್ಲಿ ಇರಿಸತಕ್ಕದ್ದು? ಮಕ್ಕಳು ಓದಿಕೊಳ್ಳುವ ಕೋಣೆಯನ್ನು ತೆರವುಮಾಡಿ ಕೊಡುವುದೆ, ಇಲ್ಲವೆ ಮನೆಯ ಮಗ್ಗುಲಿಗೆ ಒಂದು ಕೋಣೆ, ಬಚ್ಚಲು, ಚಿಕ್ಕದೊಂದು ಅಡಿಗೆಮನೆ, ಬೀದಿಗೆ ತೆರೆಯುವ ಬೇರೊಂದು ಬಾಗಿಲು ಇಷ್ಟನ್ನು ಕೂಡಿಸಿ ಅವರಿಗೆಂದೇ ಬಿಡಾರವೊಂದನ್ನು ಕಟ್ಟಿಸುವುದೆ? 30 ಅಡಿಗೆ 40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿಕೊಂಡವನಿಗೆ ಇದು ಹಣದ ಪ್ರಶ್ನೆಯೂ ಹೌದು, ಸ್ಥಳದ ಪ್ರಶ್ನೆಯೂ ಹೌದು. ಆದರೆ ಅವನು ರಾತ್ರಿ ನಿದ್ದೆಗೆಟ್ಟು ಯೋಚಿಸುವುದು ಇವೆರಡನ್ನಲ್ಲ. ಆ ಎರಡನೆಯ ಒಲೆಯನ್ನು ಕಂಡು ಊರವರು ಏನೆಂದಾರು, ಹಿರಿಯರು ಏನೆಂದುಕೊಂಡಾರು ಎಂಬುದನ್ನು.

ಈ ಅಂಜಿಕೆಗೆ ಕಾರಣವಿಲ್ಲದಿಲ್ಲ. ಕನ್ನಡದಲ್ಲಿ 'ಒಲೆ ಬೇರೆಯಾಯಿತು' ಎಂದರೆ ಮನೆ ಒಡೆಯಿತೆಂದೇ ಅರ್ಥ. ಅವಿಭಕ್ತ ಕುಟುಂಬದ ನ್ಯಾಯವನ್ನು ಭಾರತದ ಬಹುಭಾಗಕ್ಕೆ ಹಾಕಿಕೊಟ್ಟ ಮಿತಾಕ್ಷರೆಯು ಹುಟ್ಟಿದುದೂ ಕನ್ನಡ ನೆಲದಲ್ಲಿಯೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಅದನ್ನು ಕಲ್ಯಾಣದಲ್ಲಿ ಬರೆದನು. ಆದರೆ ಆ ನ್ಯಾಯವನ್ನು ಅನ್ವಯಿಸಿದ ನ್ಯಾಯಸ್ಥಾನಗಳು, ಅಡಿಗೆ ಬೇರೆಯಾದ ಮಾತ್ರಕ್ಕೆ ಕುಟುಂಬವು ವಿಭಾಗವಾಯಿತೆಂದು ಹೇಳಲಾಗದು, ಬೇರೆಯಾಗಬೇಕೆಂಬ ಸಂಕಲ್ಪವು ಕಾಣಬೇಕು ಎಂದೇ ತೀರ್ಮಾನಿಸುತ್ತ ಬಂದಿವೆ. ನಾಲಗೆಯು ಒಲೆಯನ್ನು ನೋಡಿ ತೀರ್ಪು ಕೊಟ್ಟುಬಿಡುವಲ್ಲಿ ನ್ಯಾಯವು ಮನಸ್ಸನ್ನು ವಿಚಾರಿಸುತ್ತದೆ. ಈ ಒಂದು ವಿಷಯದಲ್ಲಾದರೂ ವಕೀಲರ ಬುದ್ಧಿಯು ನೆರೆಹೊರೆಯವರ ಬುದ್ಧಿಗಿಂತ ಮೇಲೆನ್ನಬೇಕು.

ಹಿಂದಿನ ತೊಟ್ಟಿಯ ಮನೆಗಳಲ್ಲಿ ಎಲ್ಲರೂ ಒಂದೇ ಒಲೆಯ ಅನ್ನವನ್ನುಂಡು ಸುಖವಾಗಿದ್ದರೆಂಬುದೂ ಅರ್ಧ ಸತ್ಯವೇ. ಮನೆಯ ಯಜಮಾನನು ಮುದುಕನಾದ ಮೇಲೂ ಜಗಲಿಯ ಮೇಲೆ ಕುಳಿತು ಹೋಗಿಬರುವವರನ್ನು ಮಾತನಾಡಿಸುತ್ತ, ಕೊಡುಕೊಳ್ಳುವ ವ್ಯವಹಾರದಲ್ಲಿ ತನ್ನ ಮಾತನ್ನು ಸೇರಿಸುತ್ತ ಇದ್ದನು. ಅದು ಅವನ ಭಾಗ್ಯ. ಅದೇ ಮನೆಯ ವಿಧವೆಯಾದ ಅತ್ತೆಯೋ ಸೋದರತ್ತೆಯೋ ಮಡಿಯ ಹೆಸರಿನಲ್ಲಿ ಹಿಂದಿನ ಮೂಲೆಯಲ್ಲಿ ತನ್ನ ಅಡಿಗೆಯನ್ನು ತಾನೇ ಬೇಯಿಸಿಕೊಳ್ಳುತ್ತಿದ್ದಳು. ಮನೆ ಒಡೆಯಿತೆಂದು ಆಗ ಯಾರೂ ಹೇಳಲಿಲ್ಲ. ಆ ಮಡಿಯಲ್ಲಿ ಕ್ರೌರ್ಯವು ಬಹಳವಿದ್ದಿತು. ಆದರೂ ಆ ಪುಟ್ಟ ಒಲೆಯ ಮಟ್ಟಿಗೆ ಆಕೆಯು ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲವೆಂಬುದನ್ನು ಮರೆಯಲಾಗದು. ಬೇರೆ ಒಲೆಯೆಂಬುದು ಹೊಸ ನಾಗರಿಕತೆಯು ತಂದ ಪಿಡುಗೆಂದು ಬಗೆಯುವವರು ಈ ಮೂಲೆಯನ್ನು ನೆನೆಯಬೇಕು.

ಒಂದೇ ಸೂರಿನಡಿ ಇಟ್ಟುಕೊಂಡರೆ ಹಿರಿಯರ ಯೋಗಕ್ಷೇಮವು ತಾನಾಗಿ ತಿಳಿಯುತ್ತದೆ ಎಂಬ ನಂಬಿಕೆಯು ಇನ್ನೂ ಬಲವಾದುದು. ಇದನ್ನು ಒರೆಗೆ ಹಚ್ಚುವುದಕ್ಕೆ ವ್ಯಾಸಭಾರತದ ಆಶ್ರಮವಾಸಿಕ ಪರ್ವಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಕುಮಾರವ್ಯಾಸನು ಗದಾಪರ್ವಕ್ಕೆ ನಿಲ್ಲಿಸಿದುದರಿಂದ ಗಮಕವನ್ನು ಕೇಳಿ ಬೆಳೆದವರಿಗೆ ಈ ಭಾಗದ ಬಳಕೆಯು ಕಡಿಮೆಯಿರಬಹುದು. ಯುದ್ಧವು ಮುಗಿದ ಮೇಲೆ ಧೃತರಾಷ್ಟ್ರನು 15 ವರ್ಷಗಳ ಕಾಲ ಯುಧಿಷ್ಠಿರನ ಆಶ್ರಯದಲ್ಲಿಯೇ ಇದ್ದನು. ಮಕ್ಕಳನ್ನು ಕಳೆದುಕೊಂಡ ದೊಡ್ಡಪ್ಪನಿಗೆ ಯಾವ ಕೊರತೆಯೂ ತೋರಬಾರದೆಂದು ಧರ್ಮರಾಯನು ತಮ್ಮಂದಿರಿಗೆ ಆಜ್ಞಾಪಿಸಿದ್ದನು. ಹಾಸಿಗೆ, ವಸ್ತ್ರ, ಆಭರಣ, ಭಕ್ಷ್ಯಭೋಜ್ಯಗಳು ಹಿಂದಿನಂತೆಯೇ ನಡೆದವು. ಕುಂತಿಯೂ ದ್ರೌಪದಿಯೂ ಗಾಂಧಾರಿಯ ಸೇವೆಗೆ ನಿಂತರು. ಇಷ್ಟಾದರೂ ಭೀಮಸೇನನು ಮುದುಕರಿಬ್ಬರ ಕಿವಿಗೆ ಬೀಳುವಂತೆ ತೋಳು ತಟ್ಟಿಕೊಂಡು, ಈ ತೋಳುಗಳೇ ಕುರುಡನ ಮಕ್ಕಳನ್ನು ತೀರಿಸಿದುವೆಂದು ಆಡುತ್ತಿದ್ದನು. ಅದು ಯುಧಿಷ್ಠಿರನಿಗೆ ತಿಳಿಯದು, ಅರ್ಜುನನಿಗೆ ತಿಳಿಯದು, ಕುಂತಿಗೂ ದ್ರೌಪದಿಗೂ ತಿಳಿಯದು. ಧೃತರಾಷ್ಟ್ರನು ಹೊತ್ತು ಮೀರಿಸಿ ಅಲ್ಪಾಹಾರವನ್ನು ತೆಗೆದುಕೊಳ್ಳುತ್ತ, ದರ್ಭೆಯನ್ನು ಹಾಸಿದ ನೆಲದ ಮೇಲೆ ಮಲಗುತ್ತ ದಿನಗಳೆಯುತ್ತಿದ್ದುದೂ ಗಾಂಧಾರಿಯೊಬ್ಬಳ ಹೊರತು ಮನೆಯವರಾರಿಗೂ ಗೊತ್ತಿರಲಿಲ್ಲ. ಕಾಡಿಗೆ ಹೋಗಲು ಅಪ್ಪಣೆ ಬೇಡುವಾಗ ಅವನೇ ಅದನ್ನು ಹೇಳಬೇಕಾಯಿತು. ಕೇಳಿದ ಧರ್ಮರಾಯನು ತನ್ನ ಅಜ್ಞಾನಕ್ಕಾಗಿ ತನ್ನನ್ನೇ ಹಳಿದುಕೊಂಡನು. ಕೊನೆಗೆ ಗೆದ್ದ ಮಕ್ಕಳ ಅರಮನೆಯನ್ನು ಬಿಟ್ಟು ಕುಂತಿಯೂ ಆ ದಂಪತಿಗಳ ಹಿಂದೆ ಹೊರಟಳು.

ಇಲ್ಲಿ ಅರಮನೆಯು ಸಾಲದೆ ಹೋಗಲಿಲ್ಲ, ಆದರಕ್ಕೂ ಲೋಪವಿರಲಿಲ್ಲ. ಆದರೆ ಎಲ್ಲವೂ ಧರ್ಮರಾಯನ ಕೈಯಿಂದ ಬರುತ್ತಿದ್ದಿತು. ಧೃತರಾಷ್ಟ್ರನು ಪಡೆಯುವವನಾಗಿಯೇ ಉಳಿದನು. ಕೊಟ್ಟುದನ್ನು ಉಣ್ಣದೆ ಬಿಡುವುದೊಂದೇ ಅವನಿಗೆ ಉಳಿದಿದ್ದ ಸ್ವಾತಂತ್ರ್ಯ. ಈಗಿನ ಸಾಧಾರಣ ಮನೆಯಲ್ಲಿಯೂ ಇದರ ಚಿಕ್ಕ ರೂಪವು ಕಂಡುಬರುತ್ತದೆ. ಊರಿನಿಂದ ಬಂದ ಗೆಳತಿಗೆ ಒಂದು ಲೋಟ ಕಾಫಿಯನ್ನು ಕೊಡಬೇಕಾದರೆ ಸೊಸೆಯ ಮುಖವನ್ನು ನೋಡಬೇಕಾದ ಮುದುಕಿಯು ಗೆಳತಿಗೆ ಬರಹೇಳುವುದನ್ನೇ ಬಿಟ್ಟುಬಿಡುತ್ತಾಳೆ. ಸೊಸೆಯು ಒಳ್ಳೆಯವಳೇ ಇರಬಹುದು. ಕೇಳಿದರೆ ಎರಡು ಲೋಟ ಕೊಡುತ್ತಿದ್ದಳು. ಕೇಳಬೇಕಾಗಿ ಬಂದುದೇ ಕಷ್ಟ. ಅತಿಥಿಗೆ ಕೊಡಬಲ್ಲವನೇ ಗೃಹಸ್ಥನಷ್ಟೆ. ಎಪ್ಪತ್ತನೆಯ ವಯಸ್ಸಿನಲ್ಲಿ ಗೃಹಸ್ಥನ ಪದವಿಯನ್ನು ಕಳೆದುಕೊಂಡು, ವಾನಪ್ರಸ್ಥನ ನಿಶ್ಚಿಂತೆಯೂ ದೊರೆಯದೆ, ಮಗನ ಮನೆಯಲ್ಲಿ ಮುಗಿಯದ ಅತಿಥಿಯಾಗಿ ಇರುವುದು ಯಾವ ಆಶ್ರಮವೂ ಅಲ್ಲ. ಚಿಕ್ಕ ಬಿಡಾರದ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇದೇ ಮೇಲಾದುದು.

ಹೆಂಡತಿಯ ತಂದೆತಾಯಿಗಳ ವಿಷಯದಲ್ಲಿ ತೊಡಕು ಹೆಚ್ಚು. ಕನ್ನಡದಲ್ಲಿ 'ಅತ್ತೆ', 'ಮಾವ' ಎಂಬ ಶಬ್ದಗಳು ತಂದೆಯ ಸೋದರಿಗೂ ತಾಯಿಯ ಸೋದರನಿಗೂ, ಮದುವೆಯಿಂದ ಬಂದ ಹಿರಿಯರಿಗೂ ಒಂದೇ. ಸೋದರಿಕೆಯ ಸಂಬಂಧಗಳು ಬಳಕೆಯಲ್ಲಿದ್ದ ಕುಲಗಳಲ್ಲಿ ಅತ್ತೆಯು ಬೇರೆಯವಳಾಗಿ ಬರುತ್ತಿರಲಿಲ್ಲ. ತುಳುನಾಡಿನ ಅಳಿಯಸಂತಾನ ಕಟ್ಟಿನಲ್ಲಂತೂ ಮನೆತನವೇ ತಾಯಿಯ ಕಡೆಯಿಂದ ಸಾಗುತ್ತಿದ್ದಿತು. ಉಳಿದೆಡೆಗಳಲ್ಲಿ ಮಗಳ ತಂದೆತಾಯಿಗಳು ಅಳಿಯನ ಮನೆಗೆ ಬೀಗರಾಗಿ ಬರುತ್ತಾರೆ. ಬೀಗರಿಗೆ ಮಣೆ ಹಾಕುತ್ತಾರೆ, ಉಪಚಾರ ಮಾಡುತ್ತಾರೆ, ಮೂರನೆಯ ದಿನ ಹೊರಡುವರೆಂದು ತಿಳಿದಿರುತ್ತಾರೆ. ಆ ಮರ್ಯಾದೆಯೇ ವಾಸಕ್ಕೆ ಅಡ್ಡಿ. ಕಾನೂನು ಈ ಭೇದವನ್ನು ಬಹುಮಟ್ಟಿಗೆ ಅಳಿಸಿದೆ. ಕರ್ನಾಟಕವು 1994ರಲ್ಲಿಯೂ ಇಡೀ ದೇಶವು 2005ರಲ್ಲಿಯೂ ಮಗಳನ್ನು ಪಿತ್ರಾರ್ಜಿತದಲ್ಲಿ ಮಗನಿಗೆ ಸಮಾನಳನ್ನಾಗಿ ಮಾಡಿದುವು. ಹಿರಿಯರ ಪೋಷಣೆಯನ್ನು ಕುರಿತ 2007ರ ಕಾಯಿದೆಯು ಮಗನ ಜೊತೆಗೆ ಮಗಳನ್ನೂ ಹೊಣೆಗೆ ನಿಲ್ಲಿಸಿತು. ಮಗಳ ಭಾಗವನ್ನು ಸಂತೋಷದಿಂದ ಎಣಿಸಿಕೊಳ್ಳುವ ಅಳಿಯನು ಅವಳ ಹೊಣೆಯನ್ನು ಕಂಡಾಗ ಸಂಪ್ರದಾಯವನ್ನು ನೆನೆಯುವುದು ನ್ಯಾಯವಲ್ಲ. ಅಂಥ ಮನೆಯಲ್ಲಿ ಪ್ರತ್ಯೇಕವಾದ ಬಾಗಿಲು ಹೆಚ್ಚು ಉಪಯುಕ್ತ. ಬೀಗರೆಂಬ ಉಪಚಾರವೂ ಹಂಗೂ ಒಟ್ಟಿಗೇ ಸಡಿಲುವುದಕ್ಕೆ ಅದು ಎಡೆಗೊಡುತ್ತದೆ.

ಇನ್ನು ಹಣ. ಬಿಡಾರವನ್ನು ಕಟ್ಟಿಸುವಾಗ 'ಮುಂದೆ ಬಾಡಿಗೆಗೂ ಆಗುತ್ತದೆ' ಎಂಬ ಮಾತು ಮೇಸ್ತ್ರಿಯ ಬಾಯಿಂದಲೋ ಮನೆಯವರ ಬಾಯಿಂದಲೋ ಬಂದೇ ಬರುತ್ತದೆ. 'ಮುಂದೆ' ಎಂದರೆ ಯಾವಾಗ ಎಂಬುದು ಎಲ್ಲರಿಗೂ ಗೊತ್ತು. ಹಾಗೆ ಲೆಕ್ಕ ಹಾಕುವುದು ಪಾಪವಲ್ಲ, ಸಾಲ ಮಾಡಿ ಕಟ್ಟುವವನಿಗೆ ಅದು ಅನಿವಾರ್ಯ. ಆದರೆ ಭೀಮಸೇನನು ಇಂಥ ಮಾತಿನಲ್ಲಿಯೂ ಇರುತ್ತಾನೆ. ಹಿರಿಯರು ತಮ್ಮ ಹಳ್ಳಿಯ ಮನೆಯನ್ನು ಮಾರಿ ಆ ಹಣವನ್ನು ಮಗನ ಕಟ್ಟಡಕ್ಕೆ ಹಾಕುವುದಾದರೆ ಬರೆಹವು ಅವಶ್ಯ. ಜರ್ಮನ್ ಭಾಷೆಯ ನಾಡುಗಳ ರೈತರು ಹೊಲವನ್ನು ಮಗನಿಗೆ ಒಪ್ಪಿಸುವಾಗ ತಮಗೆ ಯಾವ ಕೋಣೆ, ಎಷ್ಟು ಧಾನ್ಯ, ಎಷ್ಟು ಸೌದೆ ಎಂಬುದನ್ನು ಕರಾರಿನಲ್ಲಿ ಕಾಣಿಸುತ್ತಿದ್ದರು. ಇಲ್ಲಿಯ 2007ರ ಕಾಯಿದೆಯ 23ನೆಯ ಪ್ರಕರಣವೂ, ಪೋಷಿಸಬೇಕೆಂಬ ಷರತ್ತಿನೊಡನೆ ಕೊಟ್ಟ ಆಸ್ತಿಯನ್ನು ಷರತ್ತು ತಪ್ಪಿದರೆ ರದ್ದುಪಡಿಸುವುದಕ್ಕೆ ಅವಕಾಶ ಕೊಡುತ್ತದೆ. ಸೊಸೆಗೂ ನೆಲೆಯುಂಟು: ಬೆಂಗಳೂರಿನಿಂದ ಹೋದ ಒಂದು ವ್ಯಾಜ್ಯದಲ್ಲಿ 2020ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಿರಿಯರ ಕಾಯಿದೆಯ ತ್ವರಿತ ವಿಚಾರಣೆಯಿಂದಲೇ ಸೊಸೆಯ ವಾಸದ ಹಕ್ಕನ್ನು ತೊಡೆದುಹಾಕಲಾಗದೆಂದು ಹೇಳಿತು. ಬರೆಹವನ್ನು ಕೇಳುವುದು ಅವಿಶ್ವಾಸವೆಂದು ನೊಂದುಕೊಳ್ಳುವ ಮಕ್ಕಳು ನೊಂದುಕೊಳ್ಳಲಿ.

ಕಟ್ಟುವುದೇ ಆದರೆ ನೆಲದ ಮೇಲೆಯೇ ಕಟ್ಟಬೇಕು. ಮಹಡಿಯ ಮೇಲಿನ ಬಿಡಾರವು ಮೊಣಕಾಲು ಸೋತ ದಿನ ಸೆರೆಮನೆಯಾಗುತ್ತದೆ. ಬೀದಿಯ ಬಾಗಿಲಿನ ಜೊತೆಗೆ ನಡುಮನೆಗೂ ಒಂದು ಬಾಗಿಲಿರಬೇಕು, ಅದರ ಚಿಲಕವು ಎರಡು ಕಡೆಗೂ ಇರಬೇಕು. ಇದೆಲ್ಲಕ್ಕೂ ಮೊದಲು, ಬೇಕೆ ಎಂದು ಅವರನ್ನು ಕೇಳಿರಬೇಕು. ಬೇಡ, ಊರಿನ ಮನೆಯಲ್ಲಿಯೇ ಇರುತ್ತೇವೆ ಎಂದರೆ ಇಟ್ಟಿಗೆಗೆ ತೆಗೆದಿರಿಸಿದ ಹಣವು ತಿಂಗಳಿಗೆರಡು ಸಲ ಬಸ್ಸಿನಲ್ಲಿ ಹೋಗಿಬರುವುದಕ್ಕೆ ಸಲ್ಲಲಿ. ಒಪ್ಪಿ ಬಂದವರಲ್ಲಿಯೂ ಇಬ್ಬರಲ್ಲೊಬ್ಬರು ಮೊದಲು ಹೋಗುತ್ತಾರೆ. ಇಬ್ಬರಿಗೆಂದು ಹೊತ್ತಿಸುತ್ತಿದ್ದ ಒಲೆಯು ಒಬ್ಬರಿಗೆ ಭಾರವಾಗಬಹುದು, ಅಥವಾ ಅದೊಂದೇ ಉಳಿದ ಕೆಲಸವಾಗಿ ಬೇಕೆನಿಸಬಹುದು. ಆಗ ಸೊಸೆಯೋ ಮಗಳೋ ದಿನವೂ ಆ ನಡುಬಾಗಿಲಿನಿಂದ ಒಳಗೆ ಹೋಗಿ ತುಸುಹೊತ್ತು ಕುಳಿತು, ಇವೊತ್ತು ಏನು ಮಾಡಿಕೊಂಡಿರಿ ಎಂದು ಕೇಳಿ, ಪಾತ್ರೆಯ ಮುಚ್ಚಳವನ್ನು ತೆಗೆದು ನೋಡಬೇಕಾಗುತ್ತದೆ.