ರೋಗಭಯವೂ ಅಂಗೀಕಾರವೂ

ರೋಗವೊಂದು ದುಃಖ, ರೋಗದ ಭಯ ಮತ್ತೊಂದು ದುಃಖ. ಮೊದಲನೆಯದಕ್ಕೆ ವೈದ್ಯನಲ್ಲಿ ಔಷಧವುಂಟು. ಎರಡನೆಯದಕ್ಕೆ ಲೋಕವು ಹೇಳುವ ಉಪಾಯ ಒಂದೇ: ಅದನ್ನು ನೆನೆಯಲಾಗದು, ಆಡಲಾಗದು. ಈ ಉಪಾಯವು ಹಿತವೇ ಎಂಬುದು ವಿಚಾರಾರ್ಹವಾಗಿದೆ.

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿವಿಸರ್ಜನೆ ಮಾಡುವವರನ್ನು ಅಲ್ಲಿನ ಜನ ಚಿಕ್ಕಂದಿನಿಂದಲೂ ಕಂಡಿರುತ್ತಾರೆ. ಮೃತ್ಯುವು ಅವರಿಗೆ ಗುಟ್ಟಲ್ಲ. ಆದರೂ ಮನೆಯಲ್ಲೊಬ್ಬರಿಗೆ ಕ್ಯಾನ್ಸರು ತಗುಲಿತೆಂದರೆ ಆ ಹೆಸರು ಹೊಸಿಲು ದಾಟಿ ಒಳಗೆ ಬಾರದು. ಕೃಷ್ಣರಾಜಪೇಟೆಯಿಂದಲೋ ನಾಗಮಂಗಲದಿಂದಲೋ ತಂದೆಯನ್ನು 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆತಂದ ಮಗನು ವೈದ್ಯರನ್ನು ಬೇಡಿಕೊಳ್ಳಬಹುದು: “ನಮ್ಮಪ್ಪನಿಗೆ ಮಾತ್ರ ಹೇಳಬೇಡಿ, ಸ್ವಾಮಿ.” ಇದು ಪ್ರೇಮದ ಮಾತೇ ಸರಿ. ಆದರೆ ರೋಗಿಯು ಮನೆಯವರ ಮುಖವನ್ನು ಓದಬಲ್ಲನು. ಆಗ ಅವನ ಭಯವು ಉಳಿಯುತ್ತದೆ, ಅದನ್ನು ಹಂಚಿಕೊಳ್ಳುವವರು ಮಾತ್ರ ಇಲ್ಲವಾಗುತ್ತಾರೆ.

ಭಯದ ಸ್ವಭಾವವನ್ನು ಮನಶ್ಶಾಸ್ತ್ರವು ಪರೀಕ್ಷಿಸಿದೆ. ಅಂಜಿದ ವಸ್ತುವಿನಿಂದ ದೂರ ಸರಿದರೆ ಕ್ಷಣಕಾಲ ನೆಮ್ಮದಿಯುಂಟಾಗುತ್ತದೆ. ಆ ನೆಮ್ಮದಿಯೇ ಭಯಕ್ಕೆ ಆಹಾರ. ಹೃದ್ರೋಗದಿಂದ ಚೇತರಿಸಿಕೊಂಡ ರೈತನು ಎದೆ ಬಡಿದೀತೆಂದು ನಾಲೆಯ ಏರಿಯವರೆಗೂ ನಡೆಯದಿದ್ದರೆ, ಮರುತಿಂಗಳು ಅವನಿಗೆ ಜಗಲಿಯೂ ದೂರವಾಗುತ್ತದೆ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬಾಕೆ, ಮೊಲಕ್ಕೆ ಹೆದರುತ್ತಿದ್ದ ಬಾಲಕನೊಬ್ಬನು ತಿಂಡಿ ತಿನ್ನುತ್ತಿರುವಾಗ ಮೊಲವನ್ನು ಸ್ವಲ್ಪಸ್ವಲ್ಪವಾಗಿ ಹತ್ತಿರ ತಂದು ಅವನ ಭಯವನ್ನು ಬಿಡಿಸಿದಳು. 1958ರಲ್ಲಿ ಜೋಸೆಫ್ ವೋಲ್ಪೆಯು ಇಂತಹ ಕ್ರಮವನ್ನು ಶಾಸ್ತ್ರರೂಪದಲ್ಲಿ ಗ್ರಂಥಸ್ಥಗೊಳಿಸಿದನು. ವೈದ್ಯನ ಅನುಮತಿ ಪಡೆದು ಇಂದು ಹತ್ತು ಹೆಜ್ಜೆ, ನಾಳೆ ಇಪ್ಪತ್ತು ಹೆಜ್ಜೆ ನಡೆಯುವುದು ಇದೇ ಮಾರ್ಗ. ಆದರೆ ಎದೆನೋವನ್ನು ಕಡೆಗಣಿಸುವುದು ಧೈರ್ಯವಲ್ಲ, ಅವಿವೇಕ.

ಮೊಲದ ಭಯ ಸುಳ್ಳು, ಮರಣದ ಭಯ ನಿಜವಲ್ಲವೆ ಎಂದು ಕೇಳಬಹುದು. ಪ್ರಶ್ನೆ ಯುಕ್ತವಾಗಿದೆ. 1999ರಲ್ಲಿ ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರು ಗ್ರಂಥರೂಪದಲ್ಲಿ ನಿರೂಪಿಸಿದ ಅಂಗೀಕಾರ ಚಿಕಿತ್ಸೆಯು ಇಲ್ಲಿ ಸಹಾಯಕ್ಕೆ ಬರುತ್ತದೆ. ಅದು ಭಯವನ್ನು ಓಡಿಸುವುದಾಗಿ ಹೇಳುವುದಿಲ್ಲ. ಭಯವು ಮನಸ್ಸಿನಲ್ಲಿ ಕುಳಿತಿರಲಿ. ಅದು ಇರುವಾಗಲೇ ನಿನಗೆ ಬೆಲೆಯುಳ್ಳ ಕಾರ್ಯವನ್ನು ಮಾಡು ಎನ್ನುತ್ತದೆ.

ಇದು ಕೈಚೆಲ್ಲುವುದಲ್ಲವೆ? ಪಾಂಡವಪುರದ ಸೀಮೆಯವರಿಗೆ ಇದರ ಉತ್ತರ ದೂರದ್ದಲ್ಲ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರ ಸಂಪ್ರದಾಯದಲ್ಲಿ ಶರಣಾಗತಿಯೂ ಉಂಟು, ಕೈಂಕರ್ಯವೂ ಉಂಟು. ಶರಣಾದವನು ಸೇವೆಯನ್ನು ಬಿಡುವುದಿಲ್ಲ. ಅಂತೆಯೇ ರೋಗವನ್ನು ಒಪ್ಪಿದವನು ಔಷಧವನ್ನೂ ಬಿಡಬೇಕಾಗಿಲ್ಲ, ಸಂಸಾರದ ಹೊಣೆಯನ್ನೂ ಬಿಡಬೇಕಾಗಿಲ್ಲ. ಒಪ್ಪಿದುದರಿಂದಲೇ ಅವನು ಮಗಳಿಗೆ ಹೇಳಬೇಕಾದುದನ್ನು ಹೇಳಬಲ್ಲನು. ಹೊಲದ ಲೆಕ್ಕವನ್ನು ತೀರಿಸಬಲ್ಲನು.

ಹಾಗೆಂದು ಸತ್ಯವನ್ನು ರೋಗಿಯ ಮೇಲೆ ಎಸೆಯುವುದೂ ಕ್ರೌರ್ಯವೇ. ಎಷ್ಟು ತಿಳಿಯಬೇಕೆಂಬುದನ್ನು ಅವನನ್ನೇ ಕೇಳಬೇಕು. ಅವನು ಕೇಳಿದಷ್ಟನ್ನು ಮೃದುವಾಗಿ ತಿಳಿಸಿ, ತಿಳಿಸಿದ ಮೇಲೆ ಅವನ ಹತ್ತಿರ ಕುಳಿತಿರಬೇಕು. ಬಂಧುಗಳಿಗೆ ಇದು ಮೌನಕ್ಕಿಂತ ಕಷ್ಟವಾದ ಧರ್ಮ. ಆದರೆ ರೋಗಿಗೆ ಅವನ ಉಳಿದ ದಿನಗಳನ್ನು ಅವನವೇ ಆಗಿ ಉಳಿಸಿಕೊಡುವುದು ಈ ಧರ್ಮವೇ.