ಭೇದಕ್ಕೆ ಸಾಕ್ಷಿ ಯಾವುದು?

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಸೀಮೆ ಭತ್ತದ ನಾಡಾಯಿತು. ಗದ್ದೆಯ ತೇವದ ಮಣ್ಣು ರಿಕ್ಸಿಯಾ ಕುಲದ ಲಿವರ್‌ವರ್ಟ್‌ಗಳಿಗೆ ಒಗ್ಗುವ ನೆಲೆ. ನಿಜವಾದ ಬೇರಿಲ್ಲದ, ಹೂವಿಲ್ಲದ, ಕವಲೊಡೆದು ಮಣ್ಣಿಗಂಟಿ ಹಬ್ಬುವ ಈ ಪುಟ್ಟ ಸಸ್ಯಗಳನ್ನೆಲ್ಲ ನಾವು ಪಾಚಿ ಎಂದು ಕರೆದು ದಾಟಿ ಹೋಗುತ್ತೇವೆ. ಸಸ್ಯಶಾಸ್ತ್ರಜ್ಞರು ಮಾತ್ರ ಜಗತ್ತಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಲಿವರ್‌ವರ್ಟ್ ಪ್ರಭೇದಗಳನ್ನು ಗುರುತಿಸಿದ್ದಾರೆ. ಈ ಭೇದಗಳು ಪ್ರಕೃತಿಯಲ್ಲಿಯೇ ಇವೆಯೋ, ನಮ್ಮ ಬುದ್ಧಿ ಎಳೆದ ಗೆರೆಗಳೋ? ಹುಟ್ಟಿನಿಂದ ಬರುವ ಭೇದ ಎಲ್ಲಿ ನಿಜ, ಎಲ್ಲಿ ಕಲ್ಪನೆ ಎಂಬ ಹಳೆಯ ಧರ್ಮಜಿಜ್ಞಾಸೆಗೂ ಇದಕ್ಕೂ ನೇರ ನಂಟಿದೆ. ಭೇದ ನಿಜವಿರಬಹುದು, ಆದರೆ ಅದನ್ನು ಸಾಧಿಸಿ ತೋರಿಸುವ ಹೊಣೆ ಭೇದವಿದೆ ಎನ್ನುವವನದು ಎಂಬುದು ನನ್ನ ವಾದ.

ಕಣ್ಣಿಗೆ ಕಾಣುವ ವ್ಯತ್ಯಾಸವೊಂದೇ ಸಾಲದು. ರಿಕ್ಸಿಯಾ ಫ್ಲುಯಿಟಾನ್ಸ್ ನೀರಿನಲ್ಲಿ ತೇಲುವಾಗ ಬೇರುರೋಮಗಳಿಲ್ಲದ ಸಪೂರ ಪಟ್ಟಿಯಂತಿರುತ್ತದೆ. ನೀರಿಳಿದು ಕೆಸರಿನ ಮೇಲೆ ಕೂತರೆ ಅಗಲವಾಗಿ, ದಪ್ಪವಾಗಿ, ಬೇರುರೋಮ ಬಿಟ್ಟು ಬೆಳೆಯುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಸಸ್ಯವೆಂದು ನಂಬುವುದು ಕಷ್ಟ. ಇದು ನೆಲೆ ತಂದ ಭೇದ, ಹುಟ್ಟು ತಂದದ್ದಲ್ಲ. ಅದಕ್ಕೇ ಬಲ್ಲವರು ಬಣ್ಣ ಅಗಲಗಳನ್ನು ನೋಡಿ ತೀರ್ಪು ಕೊಡುವುದಿಲ್ಲ. ಬೀಜಕಗಳು ಬಲಿಯುವವರೆಗೆ ಕಾಯುತ್ತಾರೆ, ಅವುಗಳ ಮೇಲ್ಮೈಯ ಜಾಲರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಗಂಡು ಹೆಣ್ಣು ಅಂಗಗಳು ಒಂದೇ ಸಸ್ಯದಲ್ಲಿವೆಯೋ ಬೇರೆಬೇರೆಯೋ ಎಂದು ಪರೀಕ್ಷಿಸುತ್ತಾರೆ. ಇದಕ್ಕೆ ವಿರುದ್ಧವಾದ ಪ್ರಸಂಗವೂ ಉಂಟು. ಯುರೋಪಿನಲ್ಲಿ ಕೊನೊಸೆಫಾಲಮ್ ಕೋನಿಕಮ್ ಎಂಬ ಒಂದೇ ಹೆಸರಿನಡಿ ಎರಡು ಲಿವರ್‌ವರ್ಟ್ ಪ್ರಭೇದಗಳು ಬಹುಕಾಲ ಅಡಗಿದ್ದವು. ಕಿಣ್ವಗಳ ಪರೀಕ್ಷೆ ಆ ಭೇದವನ್ನು ಹೊರಗೆಡವಿತು. 2005ರಲ್ಲಿ ಪೋಲೆಂಡಿನ ವಿಜ್ಞಾನಿಗಳು ಎರಡನೆಯದಕ್ಕೆ ಕೊನೊಸೆಫಾಲಮ್ ಸೇಲೆಬ್ರೋಸಮ್ ಎಂದು ಹೆಸರಿಟ್ಟರು. ಒಂದರ ಮೈ ಹೊಳಪು, ಇನ್ನೊಂದರದು ಮಂಕು. ಆ ಮಂಕು ಮೊದಲೂ ಇತ್ತು. ಸ್ವತಂತ್ರವಾದ ಇನ್ನೊಂದು ಸಾಕ್ಷಿ ಜೊತೆಗೂಡಿದಾಗ ಮಾತ್ರ ಅದು ಪ್ರಮಾಣವಾಯಿತು.

ನಮ್ಮ ತರ್ಕಶಾಸ್ತ್ರ ಈ ಎಚ್ಚರವನ್ನು ಸಾವಿರ ವರ್ಷಗಳ ಹಿಂದೆಯೇ ಕಲಿಸಿತ್ತು. ಹಲವು ವ್ಯಕ್ತಿಗಳಲ್ಲಿ ಒಂದೇ ‘ಸಾಮಾನ್ಯ’ ನೆಲೆಸಿದೆ ಎಂದು ನ್ಯಾಯ-ವೈಶೇಷಿಕರು ನಂಬಿದವರು. ಆದರೂ ಉದಯನನು ‘ಕಿರಣಾವಳಿ’ಯಲ್ಲಿ ಸಾಮಾನ್ಯವನ್ನು ಒಪ್ಪಲು ಆರು ಬಾಧಕಗಳನ್ನು ಹೇಳುತ್ತಾನೆ. ಅವುಗಳಲ್ಲಿ ಒಂದು ತುಲ್ಯತ್ವ: ಎರಡು ಹೆಸರುಗಳು ಅದೇ ವಸ್ತುಗಳಿಗೆ ಮಾತ್ರ ಸಲ್ಲುವುದಾದರೆ ಅಲ್ಲಿ ಎರಡು ಸಾಮಾನ್ಯಗಳಿಲ್ಲ. ಮಸ್ಕಿಯ ಬಂಡೆ ತೋರಿಸಿದ್ದೂ ಇಂಥದನ್ನೇ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಂಡ ಆ ಶಾಸನದಲ್ಲಿ ‘ದೇವಾನಾಂಪ್ರಿಯ’ನ ಜೊತೆಗೇ ‘ಅಶೋಕ’ ಎಂಬ ಹೆಸರಿತ್ತು. ಇಬ್ಬರೂ ಒಬ್ಬನೇ ಎಂದು ವಿದ್ವಾಂಸರು ಅದುವರೆಗೆ ಮಾಡಿದ್ದ ಊಹೆ ಕಲ್ಲಿನಲ್ಲೇ ಖಚಿತವಾಯಿತು. ಸಸ್ಯಶಾಸ್ತ್ರದಲ್ಲೂ ಒಂದೇ ಪ್ರಭೇದಕ್ಕೆ ಬಿದ್ದ ಎಷ್ಟೋ ಹೆಸರುಗಳು ಹೀಗೆ ಒಂದಾಗಿವೆ.

ಬೌದ್ಧ ತಾರ್ಕಿಕರಾದ ದಿಙ್ನಾಗ, ಧರ್ಮಕೀರ್ತಿಯರ ಆಕ್ಷೇಪ ಇನ್ನೂ ಆಳವಾದದ್ದು. ಇರುವುದು ಬಿಡಿ ವ್ಯಕ್ತಿಗಳು ಮಾತ್ರ, ಸಾಮಾನ್ಯವೆಂಬುದು ಉಳಿದವುಗಳಿಂದ ಬೇರ್ಪಡಿಸುವ ಬುದ್ಧಿಯ ಕೆಲಸ ಎನ್ನುತ್ತಾರೆ ಅವರು. ಮಾರ್ಕಾಂಶಿಯಾ ಪಾಲಿಮಾರ್ಫಾ ಎಂಬ ಲಿವರ್‌ವರ್ಟ್‌ನ ಮೂರು ಉಪಪ್ರಭೇದಗಳ ನಡುವೆ ವಂಶವಾಹಿಗಳು ಬೆರೆತ ಗುರುತುಗಳಿರುವುದು ಈ ಮಾತಿಗೆ ಬಲ ಕೊಡುತ್ತದೆ. ಪ್ರಭೇದ ಕಾಲದಲ್ಲಿ ಹುಟ್ಟಿ ಕವಲೊಡೆಯುವುದರಿಂದ ನೈಯಾಯಿಕರ ನಿತ್ಯ ಸಾಮಾನ್ಯವನ್ನು ಇಲ್ಲಿ ಕೈಬಿಡಲೇಬೇಕು. ಆದರೆ ಅಂಚು ಮಸುಕಾಯಿತೆಂದು ನಡುವೆಯೂ ಏನೂ ಇಲ್ಲ ಎನ್ನಲಾಗದು. ನದಿಗಳು ಕೂಡುವ ಜಾಗವಿದೆ ಎಂದ ಮಾತ್ರಕ್ಕೆ ಕೃಷ್ಣೆ ಬೇರೆ, ತುಂಗಭದ್ರೆ ಬೇರೆ ಎಂಬುದು ಸುಳ್ಳಾಗುವುದಿಲ್ಲ. ಪೀಳಿಗೆಯಿಂದ ಪೀಳಿಗೆಗೆ ಸಾಗಿಬಂದ ವಂಶದ ಹರಿವು ನಮ್ಮ ಬುದ್ಧಿಗಿಂತ ಮೊದಲೇ ಇತ್ತು. ಹೆಸರು ಮಾತ್ರ ನಮ್ಮದು.

ಹೀಗೆ ಹುಟ್ಟಿನ ಭೇದವನ್ನು ಒಪ್ಪಿದರೆ ಮನುಷ್ಯರ ನಡುವಿನ ಮೇಲು ಕೀಳಿಗೂ ಬಾಗಿಲು ತೆರೆದಂತಾಗದೇ ಎಂದು ಕೇಳಬಹುದು. ಈ ನೆಲದಲ್ಲಿ ಆ ಭಯ ಸಕಾರಣ. ಉತ್ತರ ವಾಸೆಟ್ಠ ಸುತ್ತದಲ್ಲಿದೆ. ಹುಲ್ಲು, ಮರ, ಕೀಟ, ಹಾವು, ಮೀನು, ಹಕ್ಕಿ, ಇವುಗಳಿಗೆಲ್ಲ ಹುಟ್ಟಿನಿಂದ ಬಂದ ಗುರುತುಗಳಿವೆ, ಮನುಷ್ಯರ ನಡುವೆ ಅಂಥ ಗುರುತಿಲ್ಲ ಎಂದು ಬುದ್ಧ ಅಲ್ಲಿ ಹೇಳುತ್ತಾನೆ. ಅವನು ಸಸ್ಯಗಳ ಭೇದವನ್ನು ಅಲ್ಲಗಳೆಯಲಿಲ್ಲ; ಅದನ್ನೇ ಅಳತೆಗೋಲಾಗಿಟ್ಟು ಮನುಷ್ಯರ ಜಾತಿಭೇದವನ್ನು ನಿರಾಕರಿಸಿದ. ಇಂದಿನ ಜೀವಶಾಸ್ತ್ರಕ್ಕೂ ಮನುಷ್ಯರೆಲ್ಲ ಒಂದೇ ಪ್ರಭೇದ. ಎರಡು ರಿಕ್ಸಿಯಾಗಳನ್ನು ಬೇರೆ ಎನ್ನಲು ಬೀಜಕದ ಸಾಕ್ಷಿ ಬೇಕು, ಬೇರೆ ಎಂದ ಮೇಲೂ ಒಂದು ಮೇಲು ಒಂದು ಕೀಳು ಎಂದಾಗುವುದಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಕಲಿಸುವವರು ವರ್ಗೀಕರಣದ ಪಾಠದ ಜೊತೆ ಈ ಮಾತನ್ನೂ ವಿದ್ಯಾರ್ಥಿಗಳ ಮುಂದಿಡಬೇಕು.